ಹನ್ನೊಂದು ಸೆಕೆಂಡಿನ ಲಾಗ್

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಎರಡು ಪ್ಯಾರಾ ಓದಿ, ನಕ್ಕು, ಪುಟ ತಿರುವಿಬಿಡುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೇನೂ ಬೇಸರವಿಲ್ಲ. ಇಪ್ಪತ್ತು ವರ್ಷದಿಂದ ರಾಬರ್ಟ್‌ಸನ್‌ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿರುವವನು ನಾನು. ನಮ್ಮೂರಲ್ಲಿ ಎಲ್ಲದಕ್ಕೂ ಬರ ಬಂದಿದೆ, ಕಥೆಗಳಿಗೆ ಮಾತ್ರ ಇಲ್ಲ. ಮುಚ್ಚಿದ ಚಿನ್ನದ ಗಣಿಯ ಬಾಯಲ್ಲಿ ಯಾರೋ ಕೂಗಿದರು ಎನ್ನುವವರು ಬೀದಿಗೊಬ್ಬರು ಸಿಗುತ್ತಾರೆ. ನನ್ನ ಅಂಗಡಿಗೂ ಅಂಥವರು ಬರುತ್ತಾರೆ. ಒಬ್ಬ ಹೆಂಗಸು ತೀರಿಹೋದ ಅತ್ತೆಗೆ ತನ್ನ ಫೋನು ತಾನಾಗಿಯೇ ಕರೆ ಮಾಡುತ್ತಿದೆ ಎಂದು ಗಾಬರಿಯಿಂದ ಬಂದಿದ್ದಳು. ಬಿಚ್ಚಿ ನೋಡಿದರೆ ಒಳಗೆ ತೇವ ಸೇರಿ ಹಸಿರುಗಟ್ಟಿತ್ತು. "ನೋಡಮ್ಮ, ನಿಮ್ಮತ್ತೆ ಇಲ್ಲಿದ್ದಾರೆ" ಎಂದು ಅದನ್ನು ಸೂಜಿಯಿಂದ ಕೆರೆದು ತೋರಿಸಿದೆ. ಆಕೆ ಮತ್ತೆ ನನ್ನ ಅಂಗಡಿಗೆ ಬರಲಿಲ್ಲ. ಆಗ ನನಗೆ ಅದೊಂದು ದೊಡ್ಡ ತಮಾಷೆಯಾಗಿತ್ತು.

ಈಗ ಹೇಳಹೊರಟಿರುವುದೂ ಒಂದು ಯಂತ್ರದ ಮಾತೇ. ಅದರ ಒಳಹೊರಗೆಲ್ಲ ಗೊತ್ತಿದ್ದೂ ನನಗೆ ಇದು ಬಗೆಹರಿದಿಲ್ಲ. ಗೊತ್ತಿಲ್ಲದವನಾಗಿದ್ದರೆ ಭ್ರಮೆ ಎಂದು ಹೇಳಿಕೊಂಡು ನೆಮ್ಮದಿಯಾಗಿ ಮಲಗಬಹುದಿತ್ತು.

ನಾರಾಯಣಸ್ವಾಮಿ ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯವನು. ನನಗಿಂತ ಹತ್ತು ವರ್ಷ ಚಿಕ್ಕವನು. ನಾಲ್ಕು ಸೀಮೆ ಹಸು, ಒಂದಿಷ್ಟು ರಾಗಿ, ಒಂದಿಷ್ಟು ಟೊಮೇಟೊ, ಇಷ್ಟು ಅವನ ಬದುಕು. ಮೊದಲ ಸಲ ಅವನು ನನ್ನ ಅಂಗಡಿಗೆ ಬಂದದ್ದು ಹಾಲಿನ ಕ್ಯಾನಿನೊಳಗೆ ಬಿದ್ದ ಫೋನು ಹಿಡಿದುಕೊಂಡು. ನಾನು ಅದನ್ನು ಒಣಗಿಸುತ್ತಿದ್ದಾಗ ಅವನ ಕಣ್ಣು ಮೇಲಿನ ಗೂಡಿನಲ್ಲಿದ್ದ ಡ್ರೋನಿನ ಮೇಲೇ ಇತ್ತು. ನಾಲ್ಕು ಮೋಟರಿನ ಆ ಡ್ರೋನನ್ನು ನಾನೇ ಬಿಡಿಭಾಗ ತರಿಸಿ ಜೋಡಿಸಿದ್ದೆ. ಅದು ನನ್ನ ಒಂದೇ ಹುಚ್ಚು. ಅವತ್ತಿನಿಂದ ಅವನದೂ ಅದೇ ಆಯಿತು. ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಬಂದುಬಿಡುತ್ತಿದ್ದ. ಇಬ್ಬರೂ ಉರಿಗಾಂ ದಾಟಿ, ಗಣಿಯ ಮಣ್ಣು ಸುರಿದಿರುವ ಸೈನೈಡ್ ಗುಡ್ಡದ ಪಕ್ಕದ ಬಯಲಿಗೆ ಹೋಗಿ ಹಾರಿಸುತ್ತಿದ್ದೆವು. ಅವನ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ಬೆಸುಗೆ ಹಾಕಿದರೆ ಮುತ್ತು ಇಟ್ಟ ಹಾಗೆ ಇರುತ್ತಿತ್ತು. ಹಾರಿಸಿದರೆ ಬೇಲಿಯ ಕಲ್ಲುಕಂಬದ ಮೇಲೆ ಇಳಿಸುತ್ತಿದ್ದ. ಹೊಟ್ಟೆಕಿಚ್ಚು ಎಂದರೆ ದೊಡ್ಡ ಮಾತಾದೀತು. ಆದರೆ ಅವನು ಚೆನ್ನಾಗಿ ಹಾರಿಸಿದ ದಿನ ನಾನು ಏನಾದರೂ ಒಂದು ಕೊಂಕು ತೆಗೆಯುತ್ತಿದ್ದೆ.

"ಅಷ್ಟು ಜೋರಾಗಿ ರಿಮೋಟಿನ ಸ್ಟಿಕ್ ತಳ್ಳಬೇಡ ಕಣ್ಲಾ, ಅದೇನು ಹಸೂನಾ?" ಎನ್ನುತ್ತಿದ್ದೆ.

"ಹಸಾನೂ ಜೋರಾಗಿ ತಳ್ಳಾಕಿಲ್ಲ ಕಣಣ್ಣಾ, ಒದ್ದುಬುಡ್ತದೆ" ಎಂದು ನಗುತ್ತಿದ್ದ.

ಮುಂದಿನದು ಅರ್ಥವಾಗಬೇಕಾದರೆ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ಡ್ರೋನಿನ ನಡುವೆ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬೋರ್ಡು ಇರುತ್ತದೆ. ಅದೇ ಅದರ ತಲೆ. ಆ ತಲೆಯೊಳಗಿನ ಬುದ್ಧಿ, ಅಂದರೆ ಪ್ರೋಗ್ರಾಮು, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಆಗಾಗ ಹೊಸ ಫರ್ಮ್‌ವೇರ್ ಬರುತ್ತದೆ, ಅದನ್ನು ಲ್ಯಾಪ್‌ಟಾಪಿನಿಂದ ತುಂಬಿ ಪರೀಕ್ಷೆ ಮಾಡುವುದು ನಮ್ಮಂಥವರಿಗೆ ಒಂದು ಹಬ್ಬ. ಹೊಸದು ತುಂಬಿದಾಗ ಹಳೆಯ ಸೆಟ್ಟಿಂಗೆಲ್ಲ ಅಳಿಸಿಹೋಗುತ್ತದೆ. ರಿಮೋಟಿನ ಯಾವ ಸ್ವಿಚ್ಚು ಎತ್ತ ತಳ್ಳಿದರೆ ಮೋಟರು ತಿರುಗಬೇಕು, ಎತ್ತ ತಳ್ಳಿದರೆ ನಿಲ್ಲಬೇಕು ಎನ್ನುವುದನ್ನೂ ಮತ್ತೆ ಹೇಳಿಕೊಡಬೇಕು. ಇನ್ನೊಂದು, ಮೋಟರು ತಿರುಗಿದಷ್ಟು ಹೊತ್ತೂ ಅದು ತನ್ನೊಳಗಿನ ಮೆಮೊರಿ ಚಿಪ್ಪಿನಲ್ಲಿ ಒಂದು ಲಾಗ್ ಬರೆದುಕೊಳ್ಳುತ್ತದೆ. ಸ್ವಿಚ್ಚು ಎತ್ತ ಇತ್ತು, ಯಾವ ಮೋಟರು ಎಷ್ಟು ತಿರುಗಿತು, ಮೈ ಎತ್ತ ವಾಲಿತು, ಎಲ್ಲಕ್ಕೂ ಒಂದೊಂದು ಗೆರೆ. ಆಮೇಲೆ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ನೋಡಬಹುದು.

ಈ ಕೆಲಸಕ್ಕೆ ಇರುವುದು ಒಂದೇ ಒಂದು ಕಟ್ಟುನಿಟ್ಟಿನ ನಿಯಮ. ಮೇಜಿನ ಮೇಲೆ ಪರೀಕ್ಷೆ ಮಾಡುವಾಗ, ಮೋಟರಿನ ಮೇಲೆ ಕತ್ತಿಯ ಹಾಗೆ ತಿರುಗುವ ರೆಕ್ಕೆ ಬಿಚ್ಚಿಡಬೇಕು. ಲ್ಯಾಪ್‌ಟಾಪಿನ ಪರದೆಯೇ ಕೇಳುತ್ತದೆ, ರೆಕ್ಕೆ ಬಿಚ್ಚಿದ್ದೀಯಾ ಎಂದು. ಹೌದು ಎಂದು ಒತ್ತಿದರೇ ಮುಂದಿನ ಕೆಲಸ.

ನಾಲ್ಕು ವರ್ಷದ ಹಿಂದಿನ ಆಯುಧಪೂಜೆ. ಬೆಳಿಗ್ಗೆ ಅಂಗಡಿ ತೊಳೆದು, ಸೋಲ್ಡರಿಂಗ್ ಕಡ್ಡಿ, ಸ್ಕ್ರೂಡ್ರೈವರು, ಚಿಮುಟ, ರೆಕ್ಕೆಯ ನಟ್ಟು ಬಿಚ್ಚುವ ಸ್ಪ್ಯಾನರು, ಎಲ್ಲವನ್ನೂ ಬಾಳೆಲೆಯ ಮೇಲೆ ಸಾಲಾಗಿಟ್ಟು ಅರಿಶಿನ ಕುಂಕುಮ ಹಚ್ಚಿದ್ದೆವು. ನಡುವೆ ಡ್ರೋನು. ಬಿಚ್ಚಿಟ್ಟಿದ್ದ ರೆಕ್ಕೆಗಳನ್ನು ಹಾಕಿಸಿದ್ದು ನನ್ನ ಹೆಂಡತಿ. ರೆಕ್ಕೆ ಇಲ್ಲದೆ ಪೂಜೆಗೆ ಏನು ಚೆಂದ ಎಂದಳು. ನನಗೂ ಹೌದೆನ್ನಿಸಿತು. ಬಾಗಿಲಲ್ಲಿ ಬೂದುಗುಂಬಳ ಒಡೆದು, ಪುರಿ ಕಡಲೆಯ ಚರ್ಪು ಹಂಚಿ, ಹೆಂಡತಿ ಮನೆಗೆ ಹೋದಳು. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು.

ಮಧ್ಯಾಹ್ನ ಸ್ವಾಮಿ ಹೊಸ ಅಂಗಿ ಹಾಕಿಕೊಂಡು ಬಂದ. ಹಿಂದಿನ ದಿನವಷ್ಟೇ ಹೊಸ ಫರ್ಮ್‌ವೇರ್ ಬಂದಿತ್ತು. ನನಗೆ ತಡೆಯಲಾಗಲಿಲ್ಲ. ಲ್ಯಾಪ್‌ಟಾಪನ್ನು ನಾನು ಪೂಜೆಗೆ ಇಟ್ಟಿರಲಿಲ್ಲ.

"ಇವತ್ತು ಬ್ಯಾಡ ಬುಡಣ್ಣಾ. ಪೂಜೆ ಮಾಡಿದ್ದು ಮುಟ್ಬಾರ್ದು. ನಾಳೆ ನಾನೇ ಬತ್ತೀನಿ" ಎಂದ ಸ್ವಾಮಿ.

"ಡ್ರೋನೇನು ಮಚ್ಚಾ ಕುಡುಗೋಲಾ? ದೇವರ ಪಟ್ಟಿಯಲ್ಲಿ ಫರ್ಮ್‌ವೇರ್ ಇಲ್ಲ ಕಣ್ಲಾ" ಎಂದು ತಮಾಷೆ ಮಾಡಿ ಡ್ರೋನನ್ನು ಎಲೆಯ ಮೇಲಿಂದ ಎತ್ತಿಕೊಂಡೆ. ಹಾರ ತೆಗೆದೆ. ರೆಕ್ಕೆ ಬಿಚ್ಚಬೇಕು, ಸ್ಪ್ಯಾನರಿಗೆ ಕೈ ಚಾಚಿದೆ. ಅದು ಕುಂಕುಮ ಮೆತ್ತಿಸಿಕೊಂಡು ಎಲೆಯ ಮೇಲೆ ಮಲಗಿತ್ತು. ಯಾಕೋ ಕೈ ಹಿಂದೆ ಬಂತು. ಡ್ರೋನು ಎತ್ತಿಕೊಳ್ಳುವಾಗ ಬಾರದ ಭಯ ಸ್ಪ್ಯಾನರಿನ ಹತ್ತಿರ ಬಂತು. ಪರದೆ ಕೇಳಿದ್ದಕ್ಕೆ ರೆಕ್ಕೆ ಬಿಚ್ಚಿದ್ದೇನೆ ಎಂದು ಒತ್ತಿದೆ. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ. ಪೂರ್ತಿ ನಂಬಿದ್ದರೆ ಅವತ್ತು ಡ್ರೋನು ಮುಟ್ಟುತ್ತಿರಲಿಲ್ಲ. ಪೂರ್ತಿ ನಂಬದೆ ಇದ್ದಿದ್ದರೆ ಸ್ಪ್ಯಾನರು ಮುಟ್ಟುತ್ತಿದ್ದೆ. ಎರಡರಲ್ಲಿ ಯಾವುದಾಗಿದ್ದರೂ ಅವನ ಬೆರಳು ಉಳಿಯುತ್ತಿದ್ದವು. ನಾನು ಅರ್ಧ ನಂಬುವವನಾಗಿದ್ದೆ.

ಫರ್ಮ್‌ವೇರ್ ತುಂಬಿದೆ. ಸ್ವಿಚ್ಚಿನ ಸೆಟ್ಟಿಂಗು ಮಾಡಿದೆ. ವೈರು ಕಿತ್ತು, ಡ್ರೋನನ್ನು ಸ್ವಾಮಿಯ ಕೈಗೆ ಕೊಟ್ಟೆ. ರಿಮೋಟು ಅವನ ಕೊರಳಲ್ಲಿ ನೇತಾಡುತ್ತಿತ್ತು. ಅವನು ಬ್ಯಾಟರಿ ಚುಚ್ಚಿದ. "ಸ್ವಿಚ್ ಆಫ್ ಮಾಡ್ಕೋ, ಆಮೇಲೆ ಬ್ಯಾಟರಿ ಬೆಲ್ಟ್ ಬಿಗಿ" ಎಂದೆ. ಅವನು ಹೆಬ್ಬೆರಳಿನಿಂದ ಸ್ವಿಚ್ಚು ತಳ್ಳಿ, ಬಲಗೈಯನ್ನು ಬೆಲ್ಟಿಗೆ ಹಾಕಿದ. ಆಗಲೇ ನಾಲ್ಕೂ ಮೋಟರು ತಿರುಗಿದವು. ಗಾಬರಿಯಲ್ಲಿ ಅವನು ಡ್ರೋನನ್ನು ವಾಲಿಸಿದ. ವಾಲಿದ ಡ್ರೋನು ಸಮನಾಗಲು ಇನ್ನೂ ಜೋರಾಗಿ ತಿರುಗುತ್ತದೆ, ಅದರ ಸ್ವಭಾವವೇ ಅದು. ನಾನು ಹಾರಿ ಹೋಗಿ ಬ್ಯಾಟರಿ ಕೀಳುವಷ್ಟರಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಹೋಗಿದ್ದವು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವನು ಅಳಲಿಲ್ಲ. ನಾನೇ ಕಿರುಚಾಡಿದೆ.

"ಸ್ವಿಚ್ ಎತ್ತ ತಳ್ಳಿದ್ಯೋ ನೀನು?"

"ಆಫ್ ಕಡೀಕೇ ಅಣ್ಣಾ."

"ಇಲ್ಲ ಕಣ್ಲಾ, ಆನ್ ಕಡೆಗೆ ತಳ್ಳಿದ್ದೀಯ. ಇಲ್ಲದೆ ಅದ್ಯಾಕೆ ತಿರುಗುತ್ತೆ?"

ಅವನು ಕೈಗೆ ಸುತ್ತಿದ ಬಟ್ಟೆ ನೋಡಿಕೊಂಡು, "ಇರ್ಬೋದೇನೋ" ಎಂದ.

ದೇವರಾಣೆ, ಆ ಗಳಿಗೆಯಲ್ಲಿ ನಾನು ಹೇಳಿದ್ದನ್ನು ನಾನೇ ನಂಬಿದ್ದೆ. ಸುಳ್ಳು ಶುರುವಾದದ್ದು ಸಂಜೆಗೆ. ಅವನ ಹೆಂಡತಿ ಮಂಜುಳ, ಅವಳ ಅಣ್ಣ, ಎಲ್ಲ ಆಸ್ಪತ್ರೆಗೆ ಬಂದ ಮೇಲೆ ನಾನು ಅಂಗಡಿಗೆ ಹಿಂದಿರುಗಿ, ನೆಲ ಒರೆಸಿ, ಲಾಗ್ ಇಳಿಸಿ ನೋಡಿದೆ. ಹನ್ನೊಂದು ಸೆಕೆಂಡಿನ ಲಾಗ್. ಸ್ವಿಚ್ಚಿನ ಗೆರೆ ನೇರವಾಗಿ ಆಫ್ ಕಡೆಗೆ ಇಳಿದಿತ್ತು. ಅದು ಇಳಿದ ಆ ಕ್ಷಣಕ್ಕೆ ಸರಿಯಾಗಿ ನಾಲ್ಕೂ ಮೋಟರಿನ ಗೆರೆಗಳು ಎದ್ದಿದ್ದವು. ಏಳನೇ ಸೆಕೆಂಡಿನಲ್ಲಿ ಎರಡನೇ ಮೋಟರಿನ ಗೆರೆಯಲ್ಲಿ ಎರಡು ಕಚ್ಚು, ಒಂದರ ಪಕ್ಕ ಒಂದು. ಆ ಕಚ್ಚು ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸೆಟ್ಟಿಂಗು ತೆಗೆದು ನೋಡಿದೆ. ಆಫನ್ನು ಆನಾಗಿ, ಆನನ್ನು ಆಫಾಗಿ ಉಲ್ಟಾ ಬರೆದಿದ್ದೆ. ಅವನು ತಳ್ಳಬೇಕಾದ ಕಡೆಗೇ ತಳ್ಳಿದ್ದ.

ಅವತ್ತೇ ಹೋಗಿ ಹೇಳಬಹುದಿತ್ತು. ಫೋನು ತೆಗೆದೆ ಕೂಡ. ಅಷ್ಟರಲ್ಲಿ ಅವನ ಹೆಂಡತಿಯ ಅಣ್ಣನೇ ಕರೆ ಮಾಡಿ, "ನಮ್ಮೋನ್ದೇ ತೆಪ್ಪಂತೆ, ಅವ್ನೇ ಏಳಿದ. ನೀವು ಮನ್ಸಿಗೆ ಆಕ್ಕಬ್ಯಾಡಿ" ಎಂದ. ಸಿಕ್ಕಿದ ಈ ದಾರಿಯಲ್ಲಿ ನಾನು ತಪ್ಪಿಸಿಕೊಂಡೆ. ಸೆಟ್ಟಿಂಗು ಸರಿಮಾಡಿದೆ. ಲಾಗನ್ನು ಹತ್ತಾರು ಸಲ ನೋಡಿ ಆಮೇಲೆ ಅಳಿಸಿದೆ. ಅಳಿಸಿದ್ದೂ ಸಾಲದೆನ್ನಿಸಿತು. ಹಾಟ್ ಏರ್ ಗನ್ ಹಿಡಿದು ಬೋರ್ಡಿನಿಂದ ಆ ಚಿಪ್ಪನ್ನೇ ಎಬ್ಬಿಸಿ, ಇಕ್ಕಳದಲ್ಲಿ ಪುಡಿಮಾಡಿ, ಚರಂಡಿಗೆ ಹಾಕಿದೆ. ಆ ಗನ್ನಿನ ಮೇಲೂ ಬೆಳಗಿನ ಕುಂಕುಮ ಇತ್ತು. ಈಗ ಅದನ್ನು ಮುಟ್ಟಲು ನನಗೆ ಏನೂ ಅಡ್ಡ ಬರಲಿಲ್ಲ. ಆಮೇಲೆ ಆಸ್ಪತ್ರೆಗೆ ಹಿಂದಿರುಗಿ ಬೆಳಗಾಗುವವರೆಗೂ ಅವನ ಪಕ್ಕ ಕೂತಿದ್ದೆ.

ಬಲಗೈಯಲ್ಲಿ ಎರಡು ಬೆರಳಿಲ್ಲದೆ ಹಾಲು ಕರೆಯುವುದು ಹೇಗೆ? ಮೊಲೆ ಹಿಡಿಯುವುದೇ ಆ ಬೆರಳು. ಎಡಗೈಯಲ್ಲಿ ಕರೆದರೆ ಅರ್ಧಕ್ಕೇ ಹಸು ಕಾಲು ಎತ್ತುತ್ತಿತ್ತಂತೆ. ಹಸುಗಳೆಲ್ಲ ಮಂಜುಳಳ ಪಾಲಿಗೆ ಬಂದವು. ನಾನು ಆಗಾಗ ಹಣ್ಣು ಹಿಡಿದುಕೊಂಡು ನೋಡಲು ಹೋಗುತ್ತಿದ್ದೆ. ಅವನು ನನ್ನನ್ನು ಸಮಾಧಾನ ಮಾಡುತ್ತಿದ್ದ. ಮಂಜುಳ ಸಿಟ್ಟು ಬಂದರೆ ತೆಲುಗಿಗೆ ಇಳಿಯುವವಳು, ಗಂಡನಿಗೆ ಕೇಳಿಸುವ ಹಾಗೆಯೇ "ಏಂ ಖರ್ಮಮೋ" ಎಂದು ಹಣೆಬರಹವನ್ನು ಬೈದುಕೊಂಡು ಒಳಗೆ ಹೋಗುತ್ತಿದ್ದಳು. ನಾನು ಟೀ ಕುಡಿದು ಎದ್ದು ಬರುತ್ತಿದ್ದೆ. ಕ್ರಮೇಣ ಹೋಗುವುದೇ ನಿಂತಿತು.

ವರ್ಷ ಕಳೆಯಿತು. ಇನ್ನು ಇದರ ಸಹವಾಸವೇ ಬೇಡ ಎಂದುಕೊಂಡಿದ್ದವನು ಮತ್ತೆ ಹೊಸ ಡ್ರೋನು ಕಟ್ಟಿದೆ. ನಾಯಿ ಬಾಲ ಡೊಂಕೇ. ಬೋರ್ಡು ಹೊಸದು, ಬೇರೆ ಕಂಪನಿಯದು, ಸೀಲು ಒಡೆದವನೇ ನಾನು. ಮೋಟರು, ರೆಕ್ಕೆ, ವೈರು, ಯಾವುದೂ ಹಳೆಯದಲ್ಲ. ಲ್ಯಾಪ್‌ಟಾಪು ಕೂಡ ಬದಲಾಗಿತ್ತು. ಹೊಸ ಫರ್ಮ್‌ವೇರ್ ತುಂಬಿ, ಸ್ವಿಚ್ಚನ್ನು ಹತ್ತು ಸಲ ನೋಡಿ, ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಬಯಲಿಗೆ ಹೋದೆ. ಗಾಳಿ ಇರಲಿಲ್ಲ. ಆರು ನಿಮಿಷ ಹಾರಿಸಿದೆ. ಒಂದೇ ಸಲ ಏರಿಸಿದ್ದು, ಒಂದೇ ಸಲ ಇಳಿಸಿದ್ದು. ಅಲ್ಲೇ ಬೈಕಿನ ಸೀಟಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಲಾಗ್ ಇಳಿಸಿದೆ.

ಪಟ್ಟಿಯಲ್ಲಿ ಎರಡು ಲಾಗ್ ಇದ್ದವು. ಎರಡನೆಯದು ಆರು ನಿಮಿಷದ್ದು. ಮೊದಲನೆಯದು ಹನ್ನೊಂದು ಸೆಕೆಂಡು.

ಬಿಸಿಲಿಗೆ ಕೈ ಅಡ್ಡ ಹಿಡಿದು ಪರದೆಯ ಹತ್ತಿರ ಬಗ್ಗಿದೆ. ತೆರೆದೆ. ಸ್ವಿಚ್ಚಿನ ಗೆರೆ ಆಫ್ ಕಡೆಗೆ ಇಳಿಯಿತು. ನಾಲ್ಕು ಗೆರೆ ಎದ್ದವು. ಏಳನೇ ಸೆಕೆಂಡಿನಲ್ಲಿ, ಎರಡನೇ ಮೋಟರಿನಲ್ಲಿ, ಎರಡು ಕಚ್ಚು. ಒಂದು ಸಂಜೆ ಪೂರ್ತಿ ನೋಡಿ ನೋಡಿ ಬಾಯಿಪಾಠವಾಗಿದ್ದ ಗೆರೆಗಳು ಅವು. ಬಯಲಿನಲ್ಲಿ ಬೆಳಗಿನ ಬಿಸಿಲು ಬಿದ್ದಿತ್ತು. ದೂರದಲ್ಲಿ ಯಾರೋ ಮೇಕೆ ಹೊಡೆದುಕೊಂಡು ಹೋಗುತ್ತಿದ್ದರು. ಹೆದರಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ನಾನು ಅಳಿಸಿ, ಡ್ರೋನು ಚೀಲಕ್ಕೆ ತುಂಬಿ ಮನೆಗೆ ಬಂದೆ.

ಮುಂದಿನ ಭಾನುವಾರವೂ ಅದೇ ಆಯಿತು. ಅದರ ಮುಂದಿನ ಭಾನುವಾರವೂ. ನಾನು ಒಂದು ಸಲ ಹಾರಿಸಿದರೆ ಲಾಗ್ ಎರಡಾಗುತ್ತಿತ್ತು, ಮೊದಲನೆಯದು ಹನ್ನೊಂದು ಸೆಕೆಂಡು. ಯಂತ್ರದವನು ಮಾಡಬೇಕಾದ್ದನ್ನೆಲ್ಲ ಮಾಡಿದೆ. ಹಿಂದಿನ ಫರ್ಮ್‌ವೇರಿಗೆ ಹೋದೆ. ಮತ್ತೆ ಹೊಸದಕ್ಕೆ ಬಂದೆ. ಇನ್ನೊಂದು ಬೋರ್ಡು ತರಿಸಿ ಹಾಕಿದೆ. ಎಲ್ಲಿಂದಲೋ ಹಳೆಯ ಫೈಲು ನುಸುಳುತ್ತಿದೆಯೇ ಎಂದು ಲ್ಯಾಪ್‌ಟಾಪನ್ನೇ ಖಾಲಿ ಮಾಡಿದೆ. ಮೋಟರು ಬೆಂಚಿನ ಮೇಲೆ ಅಲುಗಿ ಹಾಗೆ ಬರೆದಿರಬಹುದೇ ಎಂದರೆ ಆ ಎರಡು ಕಚ್ಚು ಎಲ್ಲಿಂದ ಬರಬೇಕು? ಇದನ್ನು ಓದುವವರಲ್ಲಿ ನನಗಿಂತ ಬುದ್ಧಿವಂತರು ಇರುತ್ತಾರೆ. ಒಂದು ಫೋಟೋ ತೆಗೆದಿಟ್ಟುಕೊಳ್ಳಬಾರದಿತ್ತೇ, ಇನ್ನೊಬ್ಬರಿಗೆ ತೋರಿಸಬಾರದಿತ್ತೇ ಎಂದು ಕೇಳುತ್ತೀರಿ. ತೋರಿಸಿದರೆ ಇದೇನು ಎಂದು ಅವರು ಕೇಳುತ್ತಾರೆ. ಇದೇನು ಎಂದು ಹೇಳಿದರೆ ನಾನು ಯಾರು ಎಂದು ಹೇಳಿದಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು, ಹೆಗಲ ಮೇಲೆ ಕುಂಬಳಕಾಯಿ ಹೊತ್ತುಕೊಂಡೇ ಬೀದಿಗೆ ಹೋಗುತ್ತಾನೆಯೇ? ಫೋಟೋ ತೆಗೆಯಲು ಒಂದು ಸಲ ಫೋನು ಎತ್ತಿದೆ. ಹೆಂಡತಿ ಫೋನು ನೋಡುತ್ತಾಳೆ ಎಂದು ನೆನಪಾಗಿ ಕೆಳಗಿಟ್ಟೆ. ಪ್ರತಿ ಸಲವೂ ಅಳಿಸಿದೆ.

ಹಾಗೇ ಇನ್ನೆಷ್ಟು ದಿನ ನಡೆಯುತ್ತಿತ್ತೋ. ಒಂದು ದಿನ ಮಂಜುಳ ಅಂಗಡಿಗೆ ಬಂದಳು. ಫೋನಿನ ಚಾರ್ಜಿಂಗ್ ಪಿನ್ನು ಹೋಗಿತ್ತು. ಹಾಕಿಕೊಡುತ್ತಾ, ಸ್ವಾಮಿ ಹೇಗಿದ್ದಾನೆ ಎಂದು ಕೇಳಿದೆ.

"ಎಂಗಿರ್ತಾರೆ ಅಣ್ಣಾ. ಗಾಯ ವಾಸಿಯಾಯ್ತು, ಅವ್ರು ವಾಸಿಯಾಗ್ಲಿಲ್ಲ. ಬೋರ್ ಮೋಟ್ರು ಆನ್ ಮಾಡಾಕೂ ನನ್ನೇ ಕರೀತಾರೆ. ಹೊಲದಾಗಿಂದ ಓಡಿ ಬಂದು ಸ್ಟಾರ್ಟ್ರು ಒತ್ಬೇಕು ನಾನು. 'ನನ್ ಕೈ ನಂಬಾಂಗಿಲ್ಲ ಕಣೇ, ಆಫ್ ಅಂದ್ಕೊಂಡು ಆನ್ ಒತ್ತೋ ಕೈ ಇದು' ಅಂತಾರೆ. ಗಾಡಿ ಓಡ್ಸೋದು ಬುಟ್ರು. ಮಕ್ಳನ್ನ ಎತ್ಕಳ್ಳಾಕೂ ಎದರ್ತಾರೆ."

ನಾನು ಪಿನ್ನು ಹಾಕಿ ಫೋನು ಕೊಟ್ಟೆ. ಅವಳು ಹೋದಳು. ಬೆರಳು ಕಿತ್ತದ್ದು ಯಂತ್ರ ಎಂದು ಅದುವರೆಗೆ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಉಳಿದ ಮೂರು ಬೆರಳನ್ನೂ ಕೈಯನ್ನೂ ಅವನಿಂದ ಕಿತ್ತುಕೊಂಡಿದ್ದು ಮಾತ್ರ ನಾನೇ, ನನ್ನ ಬಾಯಿಂದ. ಬೇಲಿಯ ಕಲ್ಲುಕಂಬದ ಮೇಲೆ ಡ್ರೋನು ಇಳಿಸುತ್ತಿದ್ದ ಕೈ ಅದು. ಆ ರಾತ್ರಿ ನಾನು ಗಟ್ಟಿಯಾಗಿ ತೀರ್ಮಾನಿಸಿದೆ. ಆ ಲಾಗ್ ಯಾಕೆ ಬರುತ್ತಿದೆಯೋ ಬರಲಿ, ಬಂದದ್ದನ್ನು ಒಯ್ದು ಅವನ ಮುಂದೆ ತೆರೆಯುತ್ತೇನೆ. ಅವನಿಗೆ ಗೆರೆ ಓದಲು ಬರುತ್ತದೆ, ನಾನೇ ಕಲಿಸಿದ್ದೆ. ತನ್ನ ಕೈ ತಪ್ಪು ಮಾಡಲಿಲ್ಲ ಎಂದು ಅವನ ಕಣ್ಣಿಂದ ಅವನೇ ನೋಡಲಿ. ನಿಜ ಹೇಳಬೇಕೆಂದರೆ ಇದರಲ್ಲೂ ನನ್ನದೊಂದು ಉಳಿತಾಯ ಇತ್ತು. ಲಾಗ್ ತೋರಿಸಿದರೆ ನಾನು ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ.

ಭಾನುವಾರ ಬೆಳಿಗ್ಗೆ ಬಯಲಿಗೆ ಹೋಗಿ ಹಾರಿಸಿದೆ. ಲಾಗ್ ಇಳಿಸಿದೆ. ಎರಡು ಇದ್ದವು. ಮೊದಲನೆಯದನ್ನು ತೆರೆದು ನೋಡಿದೆ, ಅದೇ. ಜೀವಮಾನದಲ್ಲಿ ಮೊದಲ ಸಲ ಅದನ್ನು ನೋಡಿ ನನಗೆ ಸಂತೋಷವಾಯಿತು. ಅಳಿಸಲಿಲ್ಲ. ಲ್ಯಾಪ್‌ಟಾಪಿನಲ್ಲೂ ಇತ್ತು, ಡ್ರೋನಿನ ಚಿಪ್ಪಿನಲ್ಲೂ ಇತ್ತು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಲ್ಲಿಂದ ನೇರವಾಗಿ ಬೈಕಿನಲ್ಲಿ ಅವನ ಹಳ್ಳಿಗೆ ಹೊರಟೆ. ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ.

ಸ್ವಾಮಿ ಕೊಟ್ಟಿಗೆಯ ಮುಂದೆ ಕೂತು ಮೇವು ಬಿಡಿಸುತ್ತಿದ್ದ. "ಏನಣ್ಣಾ, ಬಿಸ್ಲಾಗೆ ಬಂದ್ಬುಟ್ಟೆ! ಎಷ್ಟ್ ದಿನ ಆಯ್ತು ನಿನ್ನ ನೋಡಿ" ಎಂದು ಎದ್ದ. ಮಂಜುಳ ನೀರು ತಂದಳು. ಕಟ್ಟೆಯ ಮೇಲೆ ಕೂತು, ನಿನಗೆ ಒಂದು ತೋರಿಸಬೇಕು ಎಂದು ಲ್ಯಾಪ್‌ಟಾಪು ತೆರೆದೆ.

ಒಂದೇ ಲಾಗ್ ಇತ್ತು. ಆರು ನಿಮಿಷದ್ದು.

ಡ್ರೋನಿಗೆ ವೈರು ಚುಚ್ಚಿ ಚಿಪ್ಪಿನಿಂದ ಮತ್ತೆ ಇಳಿಸಿದೆ. ಒಂದೇ. ಲ್ಯಾಪ್‌ಟಾಪಿನ ಕಸದ ಬುಟ್ಟಿ ನೋಡಿದೆ, ಖಾಲಿ. ಮುಕ್ಕಾಲು ಗಂಟೆಯ ಹಿಂದೆ ನನ್ನ ಕಣ್ಣಾರೆ ನೋಡಿದ್ದೆ. ಅಭ್ಯಾಸಬಲದಿಂದ ನನ್ನ ಕೈಯೇ ಅದನ್ನು ಅಳಿಸಿತೇ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಅಳಿಸಿದ ನೆನಪಿಲ್ಲ. ಅಳಿಸಿಲ್ಲ ಎಂದು ಆಣೆ ಮಾಡುವ ಧೈರ್ಯವೂ ಇಲ್ಲ. ಸ್ವಾಮಿ ಪಕ್ಕದಲ್ಲಿ ಕೂತು ಪರದೆಯನ್ನೇ ನೋಡುತ್ತಿದ್ದ. "ಚೆನ್ನಾಗಿ ಆರ್ಸಿದೀಯ ಅಣ್ಣಾ, ಗೆರೆ ಎಷ್ಟ್ ನೀಟಾಗೈತೆ" ಎಂದ.

ಬೇರೆ ದಾರಿ ಇರಲಿಲ್ಲ. ಬಾಯಿಬಿಟ್ಟು ಹೇಳಿದೆ. ಸ್ಪ್ಯಾನರಿನಿಂದ ಹಿಡಿದು ಉಲ್ಟಾ ಸೆಟ್ಟಿಂಗಿನವರೆಗೆ, ಅವತ್ತಿನ ಲಾಗಿನವರೆಗೆ, ಎಲ್ಲವನ್ನೂ ಹೇಳಿದೆ. ಅವನು ಆಫ್ ಕಡೆಗೇ ತಳ್ಳಿದ್ದ ಎಂದು ಎರಡು ಸಲ ಹೇಳಿದೆ. ಅವನು ಮೇವಿನ ಕಡ್ಡಿಯೊಂದನ್ನು ಎಡಗೈಯಲ್ಲಿ ಸುತ್ತುತ್ತಾ ಕೇಳಿದ. ಮುಗಿದ ಮೇಲೆ ನಕ್ಕ. ಕೊಂಕಿನ ನಗೆಯಲ್ಲ. ಅಂಥ ನಗೆ ಅವನಿಗೆ ಬರುವುದೇ ಇಲ್ಲ.

"ಬುಡಣ್ಣಾ. ಇವ್ಳು ಅಂಗಡೀಗೆ ಬಂದು ನನ್ ಕಥೆ ಏಳಿದ್ಲು ಅಂತ ಕಾಣ್ತದೆ. ನನ್ ಸಮಾಧಾನಕ್ಕೆ ಇಷ್ಟ್ ದೂರ ಬಂದು ಸುಳ್ಳೇಳ್ತಿದೀಯಲ್ಲ."

"ಸುಳ್ಳಲ್ಲ ಕಣ್ಲಾ!" ನನ್ನ ದನಿ ಏರಿತ್ತು.

"ಅಂಗಾರೆ ಅವತ್ತಿನ ಲಾಗ್ ತೋರ್ಸು."

"ಅಳಿಸಿಬಿಟ್ಟೆ."

"ಯಾಕಳಿಸ್ದೆ?"

"ಹೆದರಿ."

"ನೀನಾ? ಎದ್ರೋನಾ?" ಅವನು ತಲೆ ಅಲ್ಲಾಡಿಸಿದ. "ಆಸ್ಪತ್ರೇಲಿ ರಾತ್ರಿ ಎಲ್ಲ ನನ್ ಪಕ್ಕ ಕೂತಿದ್ದೋನು ನೀನು. ನಿನ್ ಬುದ್ಧಿ ನಂಗೊತ್ತಿಲ್ವಾ? ಸ್ವಿಚ್ಚು ಉಲ್ಟಾ ಮಾಡೋ ಆಸಾಮಿ ಅಲ್ಲ ನೀನು. ನನ್ ತೆಪ್ಪು ನನ್ ಮ್ಯಾಲೇ ಇರ್ಲಿ. ನಿಂಗ್ಯಾಕಣ್ಣಾ ಅದು?"

ಎಷ್ಟು ಹೇಳಿದರೂ ಕೇಳಲಿಲ್ಲ. ನನ್ನ ಸುಳ್ಳನ್ನು ಒಂದೇ ಮಾತಿಗೆ, ಆಟೋ ಆಸ್ಪತ್ರೆ ಸೇರುವುದರೊಳಗೆ ನಂಬಿದವನು, ನಿಜವನ್ನು ನಂಬಲಿಲ್ಲ. ತನ್ನ ಹೆಂಡತಿಯ ಕಡೆ ತಿರುಗಿ, "ನೋಡ್ದಾ, ಅಣ್ಣ ಎಂತೋನು ಅಂತ" ಎಂದ. ಮಂಜುಳ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳು ನಗಲಿಲ್ಲ. ನೀರಿನ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಅವಳು ನಂಬಿದಳು ಎಂದು ನನಗೆ ಗೊತ್ತು. ಗಂಡನಿಗೆ ಯಾಕೆ ಹೇಳಲಿಲ್ಲ ಎನ್ನುವುದೂ ಸ್ವಲ್ಪ ಗೊತ್ತು. ಬೆರಳು ಹೋದವನಿಂದ ಗೆಳೆಯನನ್ನೂ ಕಸಿಯುವುದು ಬೇಡ ಎಂದುಕೊಂಡಿರಬೇಕು. ನನ್ನ ಮೇಲಿನ ಕರುಣೆಯಂತೂ ಆ ಮುಖದಲ್ಲಿ ಇರಲಿಲ್ಲ.

ಅವತ್ತಿನಿಂದ ಆ ಲಾಗ್ ಬಂದಿಲ್ಲ. ಎರಡು ವರ್ಷಕ್ಕೂ ಹೆಚ್ಚಾಯಿತು. ಬೇಡ ಬೇಡ ಎಂದಾಗ ವಾರ ತಪ್ಪದೆ ಬಂದದ್ದು, ಬೇಕು ಎಂದಾಗ ಒಂದು ಸಲವೂ ಬಂದಿಲ್ಲ. ಈಗಲೂ ಭಾನುವಾರ ಹೋಗುತ್ತೇನೆ. ಹಾರಿಸುವ ಖುಷಿ ಎಂದೋ ಹೋಯಿತು. ಹಾರಿಸಿ, ಇಳಿಸಿ, ಪಟ್ಟಿ ನೋಡುತ್ತೇನೆ. ಒಂದೇ ಇರುತ್ತದೆ. ಅದು ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ. ಯಾಕೆ ಬಂತು ಎಂದು ಕೇಳಿದರೆ, ಹೇಳಲು ನನಗೊಂದು ಅವಕಾಶ ಕೊಡಲು ಬಂತು ಎನ್ನುವವರಿರಬಹುದು. ಹಾಗಿದ್ದರೆ ಆ ಕಟ್ಟೆಯ ಮೇಲೆ ಯಾಕೆ ಕೈಕೊಟ್ಟಿತು? ನನ್ನ ತಲೆಯಲ್ಲೇ ಹುಟ್ಟಿದ್ದು ಎಂದರೆ, ತಲೆ ಇಷ್ಟು ಲೆಕ್ಕಾಚಾರದಿಂದ ತನಗೇ ದ್ರೋಹ ಮಾಡುತ್ತದೆಯೇ? ನನಗೆ ಬಗೆಹರಿಯುವುದಿಲ್ಲ. ತೀರಿಹೋದ ಅತ್ತೆಗೆ ಫೋನು ಹೋಗುತ್ತಿದೆ ಎಂದವಳ ಬಗ್ಗೆ ನಗುವುದನ್ನಂತೂ ಬಿಟ್ಟಿದ್ದೇನೆ.

ನಾನು ಅವನ ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳಲು ಹೋದೆ ಎಂದು ಸ್ವಾಮಿ ಊರಿಗೆಲ್ಲ ಹೇಳಿದ್ದಾನೆ. ಆ ಕಡೆಯವರು ಅಂಗಡಿಗೆ ಬಂದರೆ ನನ್ನನ್ನು ನೋಡುವ ರೀತಿಯೇ ಬೇರೆ. ಹೋದ ತಿಂಗಳು ಅವರ ಹಸು ಕರು ಹಾಕಿತು. ಅಣ್ಣನಿಗೆ ಕೊಡಿ ಎಂದು ಸ್ಟೀಲ್ ಡಬ್ಬದ ತುಂಬ ಗಿಣ್ಣುಹಾಲು ತುಂಬಿ ಬಸ್ಸಿನಲ್ಲಿ ಕಳಿಸಿದ್ದ. ನನ್ನ ಹೆಂಡತಿ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದಳು. ಮನೆಯಲ್ಲಿ ಎಲ್ಲರೂ ತಿಂದರು. ನಾನೂ ತಿಂದೆ. ರುಚಿಯಾಗಿಯೇ ಇತ್ತು.